ಪರಾರ್ಥ ಪ್ರಾರ್ಥನೆ: ಕೇಡಗಾಂವದಿಂದ ಕಲಬುರ್ಗಿಯವರೆಗೆ

ಪುಣೆಯಿಂದ ಹೊರಟ ರೈಲುಗಾಡಿಯು ಕೇಡಗಾಂವ, ದೌಂಡ, ಕುರ್ಡುವಾಡಿಗಳನ್ನು ದಾಟಿ ಸೊಲ್ಲಾಪುರಕ್ಕೆ ಬರುತ್ತದೆ. ಅಲ್ಲಿಂದ ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್ ನಿಲ್ದಾಣಗಳನ್ನು ಹಿಂದಿಕ್ಕಿ ಕಲಬುರ್ಗಿಯನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಮರಾಠಿ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವದು ಯಾರಿಂದಲೂ ಆಗದು. ೧೮೬೦ರಲ್ಲಿ ಸೊಲ್ಲಾಪುರಕ್ಕೂ ೧೮೭೧ರಲ್ಲಿ ರಾಯಚೂರಿಗೂ ಬಂದು ಸೇರಿದ ಈ ಕಬ್ಬಿಣದ ಹಾದಿಯು ಹತ್ತಿಯನ್ನು ಹೊತ್ತಿತು, ಜೋಳವನ್ನು ಹೊತ್ತಿತು, ಪಂಢರಪುರಕ್ಕೂ ಗಾಣಗಾಪುರಕ್ಕೂ ಹೋಗುವ ಯಾತ್ರಿಕರನ್ನು ಹೊತ್ತಿತು. ಬರಗಾಲ ಬಂದಾಗ ಊರು ಬಿಟ್ಟು ಹೊರಟವರನ್ನೂ ಹೊತ್ತಿತು.

ಗಡಿನಾಡಿನ ಚರಿತ್ರೆಯೆಂದರೆ ನಾವು ಸಾಮಾನ್ಯವಾಗಿ ಶಾಸನಗಳ, ಸಂಸ್ಥಾನಗಳ, ಶಾಲೆಗಳ ಮತ್ತು ಆಯೋಗಗಳ ಚರಿತ್ರೆಯನ್ನು ಬರೆಯುತ್ತೇವೆ. ಅದು ಅವಶ್ಯವೂ ಹೌದು. ಆದರೆ ಒಂದು ನಾಡಿನ ಜನರು ಸಂಕಟದ ಕಾಲದಲ್ಲಿ ಯಾರಿಗಾಗಿ, ಯಾವ ಮಾತಿನಲ್ಲಿ ದೇವರನ್ನು ಬೇಡಿಕೊಂಡರು ಎಂಬದೂ ಚರಿತ್ರೆಯ ಒಂದು ಅಂಗವೇ. ಈ ರೈಲುದಾರಿಯ ಮೇಲೆ, ೧೯೦೫ರಲ್ಲಿ, ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಸ್ತ್ರೀಯ ಆಶ್ರಯದಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳು ದಿನಕ್ಕೆ ಎರಡು ಸಲ ಕೂಡಿ ತಮಗಾಗಿ ಮಾತ್ರವಲ್ಲ, ಪರರಿಗಾಗಿ ಪ್ರಾರ್ಥಿಸಿದರು. ಜಗತ್ತಿನ ಕ್ರೈಸ್ತ ಚರಿತ್ರೆಯಲ್ಲಿ ಆ ಪ್ರಾರ್ಥನೆಗೆ ಒಂದು ಸ್ಥಾನವಿದೆ. ಅದನ್ನು ಗಡಿನಾಡಿನ ಕಣ್ಣಿನಿಂದ ನೋಡುವದು ಪ್ರಸ್ತುತ ಲೇಖನದ ಉದ್ದೇಶ.

ಪರಾರ್ಥ ಪ್ರಾರ್ಥನೆ ಎಂದರೇನು?

ಮಗನಿಗೆ ಕಾಯಿಲೆಯಾದಾಗ ತಾಯಿ ಹರಕೆ ಹೊರುತ್ತಾಳೆ. ನೋವು ಮಗನದು, ಉಪವಾಸ ತಾಯಿಯದು. ಇನ್ನೊಬ್ಬನ ಸಂಕಟವನ್ನು ತನ್ನ ತಲೆಯ ಮೇಲೆ ಹೊತ್ತು ದೇವರ ಮುಂದೆ ನಿಲ್ಲುವ ಈ ಭಾವವನ್ನು ನಮ್ಮ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕ್ರೈಸ್ತರು ಇದನ್ನೇ ಮಧ್ಯಸ್ಥ ಪ್ರಾರ್ಥನೆಯೆಂದು ಕರೆದು, ಸಾಧನೆಯ ಒಂದು ಮುಖ್ಯ ಮಾರ್ಗವನ್ನಾಗಿ ಮಾಡಿಕೊಂಡರು. ಬೈಬಲಿನ ಮೊದಲನೆಯ ಪುಸ್ತಕದಲ್ಲಿ ಅಬ್ರಹಾಮನು ಸೊದೋಮ್ ಪಟ್ಟಣಕ್ಕಾಗಿ ದೇವರ ಸಂಗಡ ವಾದಕ್ಕೆ ನಿಂತ ಪ್ರಸಂಗವಿದೆ. ಐವತ್ತು ಮಂದಿ ಸಜ್ಜನರಿದ್ದರೆ ಊರನ್ನು ಉಳಿಸುವೆಯಾ ಎಂದು ಆರಂಭಿಸಿದ ಆತನು, ಸಂತೆಯಲ್ಲಿ ಚೌಕಾಸಿ ಮಾಡುವವನಂತೆ, ನಲವತ್ತೈದು, ನಲವತ್ತು, ಮೂವತ್ತು ಎಂದು ಇಳಿಸುತ್ತ ಹತ್ತಕ್ಕೆ ಬಂದು ನಿಲ್ಲುತ್ತಾನೆ. ಆ ಊರು ಆತನ ಊರಲ್ಲ. ಅಲ್ಲಿಯ ಜನರು ಒಳ್ಳೆಯವರೂ ಅಲ್ಲ. ಆದರೂ ಆತನು ಬೇಡಿಕೊಂಡನು.

ಯುದ್ಧದ ಉಪಮೆಯೂ ಈ ಪ್ರಾರ್ಥನೆಗೆ ಹಳೆಯ ಕಾಲದಿಂದಲೇ ಅಂಟಿಕೊಂಡು ಬಂದಿದೆ. ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತನೆಂದೂ, ಕೈ ಸೋತಾಗ ಆರೋನನೂ ಹೂರನೂ ಎರಡು ಪಕ್ಕದಲ್ಲಿ ನಿಂತು ಸೂರ್ಯ ಮುಳುಗುವವರೆಗೆ ಆ ಕೈಗಳನ್ನು ಎತ್ತಿ ಹಿಡಿದರೆಂದೂ ಕಥೆಯಿದೆ. ಹೊಸ ಒಡಂಬಡಿಕೆಯ ಕಾಲಕ್ಕೆ ಬಂದರೆ ಯುದ್ಧವು ಹೊರಗಿನಿಂದ ಒಳಗೆ ಸರಿಯುತ್ತದೆ. ಸೆರೆಯಲ್ಲಿದ್ದ ಪೌಲನು ಬರೆದನೆಂದು ಸಂಪ್ರದಾಯವು ಹೇಳುವ ಎಫೆಸದವರ ಪತ್ರಿಕೆಯಲ್ಲಿ ಸತ್ಯವು ನಡುಕಟ್ಟು, ನೀತಿಯು ಕವಚ, ನಂಬಿಕೆಯು ಗುರಾಣಿ, ರಕ್ಷಣೆಯು ಶಿರಸ್ತ್ರಾಣ. ಪಾದಗಳಿಗೆ ತೊಡುವ ಕೆರವಂತೂ ಶಾಂತಿಯ ಸುವಾರ್ತೆಗೆ ಸಿದ್ಧವಾಗಿರುವಿಕೆ. ನಮ್ಮ ಹೋರಾಟವು ರಕ್ತಮಾಂಸದ ಮನುಷ್ಯರ ಮೇಲೆ ಅಲ್ಲವೆಂದು ಆ ಪತ್ರವು ಸ್ಪಷ್ಟಪಡಿಸುತ್ತದೆ. ಆಯುಧಗಳ ಎಣಿಕೆಯೆಲ್ಲ ಮುಗಿದ ಮೇಲೆ ಕೊನೆಗೆ ಬರುವದು ಎಲ್ಲ ಭಕ್ತರಿಗಾಗಿ ಎಚ್ಚರದಿಂದ ಪ್ರಾರ್ಥಿಸಿರಿ ಎಂಬ ಬುದ್ಧಿವಾದ. ಆತ್ಮಿಕ ಯುದ್ಧವೆಂಬ ಮಾತಿನ ಮೂಲ ಇಲ್ಲಿದೆ. ಶತ್ರುವು ಮನುಷ್ಯನಲ್ಲ, ಕೊನೆಯ ಕೆಲಸ ಪರಾರ್ಥ ಪ್ರಾರ್ಥನೆ ಎಂಬ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ವಿನಂತಿ.

ಈ ಗ್ರಂಥವು ಕನ್ನಡಿಗರ ಕೈಗೆ ಬಂದದ್ದು ಬಳ್ಳಾರಿಯ ಮಾರ್ಗವಾಗಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಅಲ್ಲಿಗೆ ಬಂದನು; ಅವನ ಮತ್ತು ಅವನ ಸಹಾಯಕರ ಶ್ರಮದಿಂದ ೧೮೩೧ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಸಿದ್ಧವಾಯಿತು. ಬೆಳಗಾವಿಯಲ್ಲಿ ೧೮೨೦ರಿಂದ ಲಂಡನ್ ಮಿಶನ್ನು, ಧಾರವಾಡದಲ್ಲಿ ೧೮೩೭ರಿಂದ ಬಾಸೆಲ್ ಮಿಶನ್ನು ಕೆಲಸ ಮಾಡಿದವು. ಆದರೆ ಸೊಲ್ಲಾಪುರಕ್ಕೆ ಕ್ರೈಸ್ತ ಮಿಶನ್ನು ಬಂದದ್ದು ಕನ್ನಡದ ದಿಕ್ಕಿನಿಂದ ಅಲ್ಲ, ಅಹಮದನಗರದ ದಿಕ್ಕಿನಿಂದ. ೧೮೬೦ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಯೂರಿದ ಅಮೇರಿಕನ್ ಮಿಶನ್ನಿನ ಹೆಸರೇ ‘ಅಮೇರಿಕನ್ ಮರಾಠಿ ಮಿಶನ್’. ಅದರ ಶಾಲೆ, ಸಭೆ, ಪುಸ್ತಕಗಳ ಭಾಷೆ ಮರಾಠಿಯಾಯಿತು. ಆದರೆ ಅಕ್ಕಲಕೋಟದ ಹಳ್ಳಿಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ಗಡಿಯಲ್ಲಿರುವವರಿಗೆ ಇದು ಹೊಸ ಅನುಭವವಲ್ಲ. ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು. ದೇವರ ಮುಂದೆ ಯಾವದು ಎಂಬದು ಮಾತ್ರ ಪ್ರತಿಯೊಬ್ಬರ ಅಂತರಂಗಕ್ಕೆ ಬಿಟ್ಟದ್ದು.

ಗಂಗಾಮೂಲದ ಮಗಳು

ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ೧೮೫೮ರ ಏಪ್ರಿಲ್ ೨೩ರಂದು, ಪಶ್ಚಿಮ ಘಟ್ಟದ ದಟ್ಟ ಕಾಡಿನ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ತಮ್ಮ ನಡತೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿಯೇ ಮಗಳಿಗೆ ಗುರುವಾದಳು. ಕುಟುಂಬವು ಊರೂರು ತಿರುಗಿ, ದೇವಾಲಯಗಳ ಪ್ರಾಂಗಣದಲ್ಲಿ ಪುರಾಣ ಓದಿ ಜೀವನ ಸಾಗಿಸುತ್ತಿತ್ತು. ಹನ್ನೆರಡನೆಯ ವಯಸ್ಸಿಗೆ ಭಾಗವತದ ೧೮,೦೦೦ ಶ್ಲೋಕಗಳು ತಮಗೆ ಕಂಠಪಾಠವಾಗಿದ್ದವೆಂದು ರಮಾಬಾಯಿಯವರೇ ಹೇಳಿಕೊಂಡಿದ್ದಾರೆ.

೧೮೭೦ರ ದಶಕದ ಬರಗಾಲವು ಈ ಕುಟುಂಬವನ್ನು ನುಂಗಿತು. ಪಾತ್ರೆಪದಾರ್ಥ, ಒಡವೆ ಎಲ್ಲವೂ ಮಾರಿಹೋದವು. ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ ಮತ್ತು ಒಂದಿಷ್ಟು ಕಾಡು ಈಚಲ ಹಣ್ಣುಗಳ ಮೇಲೆ ಜೀವ ಹಿಡಿದಿದ್ದ ಸಂಗತಿಯನ್ನು ಅವರು ಮುಂದೆ ಬರೆದಿಟ್ಟರು. ೧೮೭೪ರಲ್ಲಿ ತಂದೆ, ಕೆಲವೇ ವಾರಗಳ ಅಂತರದಲ್ಲಿ ತಾಯಿ, ಆಮೇಲೆ ಅಕ್ಕ ಹೀಗೆ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣ ತಂಗಿಯರು ಕಾಲ್ನಡಿಗೆಯಿಂದ ದೇಶ ಸುತ್ತಿ ೧೮೭೮ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಆ ಕನ್ಯೆಗೆ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ ಮೇಧಾವಿಯವರೊಡನೆ ಮದುವೆಯಾಯಿತು. ೧೮೮೨ರಲ್ಲಿ ಪತಿಯೂ ಅಗಲಿದರು. ಕೈಯಲ್ಲಿ ಉಳಿದವಳು ಹಸುಳೆ ಮನೋರಮಾ ಒಬ್ಬಳೇ.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ, ಆಮೇಲೆ ಇಂಗ್ಲಂಡಿನ ಪ್ರಯಾಣ, ೧೮೮೩ರ ಸಪ್ಟಂಬರ ೨೯ರಂದು ವಾಂಟೇಜ್ ಎಂಬಲ್ಲಿ ಕ್ರೈಸ್ತ ದೀಕ್ಷೆ, ಅಮೇರಿಕೆಯ ಪ್ರವಾಸ, ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನದ ಸ್ಥಾಪನೆ, ಇವೆಲ್ಲ ಪ್ರಸಿದ್ಧವಾಗಿವೆ. ಸದನವು ಪುಣೆಗೆ ಬಂದ ಮೇಲೆ, ಅಲ್ಲಿಯ ಹುಡುಗಿಯರು ಕ್ರೈಸ್ತ ಪ್ರಾರ್ಥನೆಯತ್ತ ಒಲಿಯುತ್ತಿದ್ದಾರೆಂಬ ಕಾರಣದಿಂದ ದೊಡ್ಡ ವಿವಾದವೆದ್ದಿತು. ‘ಕೇಸರಿ’ ಪತ್ರಿಕೆಯು ಕಟುವಾಗಿ ಟೀಕಿಸಿತು. ೧೮೯೩ರಲ್ಲಿ ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಮಂಡಳಿಗೆ ರಾಜೀನಾಮೆ ಕೊಟ್ಟರು. ಪ್ರಾರ್ಥನೆಯು ಆಕೆಯ ಜೀವನದಲ್ಲಿ ಆರಂಭದಿಂದಲೇ ಎಲ್ಲರಿಗೂ ಒಪ್ಪಿತವಾದ ಸೌಮ್ಯ ಸಂಗತಿಯಾಗಿರಲಿಲ್ಲ. ಅದಕ್ಕಾಗಿ ಆಕೆ ಹಳೆಯ ಮಿತ್ರರನ್ನು ಕಳೆದುಕೊಂಡರು. ಆ ಮಿತ್ರರಿಗೂ ತಮ್ಮ ವಿಶ್ವಾಸಕ್ಕೆ ಧಕ್ಕೆಯಾಯಿತೆಂಬ ನೋವಿತ್ತು. ಚರಿತ್ರೆಯು ಎರಡೂ ಕಡೆಯ ನೋವನ್ನು ದಾಖಲಿಸಬೇಕು.

ಬರಗಾಲದ ಸೀಮೆ

ಸೊಲ್ಲಾಪುರ, ಅಕ್ಕಲಕೋಟ, ವಿಜಯಪುರ, ಕಲಬುರ್ಗಿಗಳು ಮಳೆಯ ಕೃಪೆಯನ್ನು ನಂಬಿ ಬದುಕುವ ನೆಲಗಳು. ೧೮೭೬–೭೮ರ ಮಹಾಕ್ಷಾಮವು ಈ ಭಾಗವನ್ನು ಹಿಂಡಿ ಹಿಪ್ಪೆ ಮಾಡಿತು. ಸೊಲ್ಲಾಪುರ ಜಿಲ್ಲೆಯ ಆಷ್ಟಿ ಕೆರೆಯ ಕೆಲಸವು ಆ ಕ್ಷಾಮದ ಕೂಲಿಕಾರರ ಕೈಯಿಂದ ನಡೆಯಿತು. ಸೊಲ್ಲಾಪುರದ ಹಳೆಯ ಗಿರಣಿ ಶುರುವಾದದ್ದೂ ಅದೇ ಕಾಲದಲ್ಲಿ. ಹೊಲದಲ್ಲಿ ಅನ್ನ ಕಾಣದವರು ಗಿರಣಿಯ ಭೋಂಗಾ ಕೇಳಿ ಪಟ್ಟಣಕ್ಕೆ ಬಂದರು. ಮುಂದೆ ೧೮೯೬–೯೭ರಲ್ಲಿ, ಮತ್ತೆ ೧೮೯೯–೧೯೦೦ರಲ್ಲಿ ಮಳೆ ಕೈಕೊಟ್ಟಿತು; ಅದರ ಬೆನ್ನಿಗೇ ಪ್ಲೇಗು ಬಂದಿತು.

ಹಸಿವೆಯೆಂದರೇನೆಂದು ಬಲ್ಲ ರಮಾಬಾಯಿಯವರು ಸುಮ್ಮನೆ ಕೂಡಲಿಲ್ಲ. ೧೮೯೬–೯೭ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಸುಮಾರು ಮುನ್ನೂರು ಮಂದಿ ಅನಾಥ ಬಾಲೆಯರನ್ನೂ ವಿಧವೆಯರನ್ನೂ ಕರೆತಂದರು. ಇವರಿಗಾಗಿ ಕೇಡಗಾಂವದ ಹೊಲದಲ್ಲಿ ಕಟ್ಟಿದ ಆಶ್ರಯವೇ ೧೮೯೮ರ ‘ಮುಕ್ತಿ’. ೧೯೦೦ರ ಗುಜರಾತದ ಬರಗಾಲದ ತರುವಾಯ ಅಲ್ಲಿದ್ದವರ ಸಂಖ್ಯೆ ೨,೦೦೦ದ ಸಮೀಪಕ್ಕೆ ಏರಿತು. ಬಾವಿ ತೋಡುವದು, ಬಿತ್ತುವದು, ನೇಯುವದು, ಗಾಣ ಆಡಿಸುವದು, ಅಚ್ಚುಮೊಳೆ ಜೋಡಿಸುವದು, ಕುರುಡರಿಗೆ ಬ್ರೇಲ್ ಲಿಪಿ ಕಲಿಸುವದು ಎಲ್ಲವೂ ಅಲ್ಲಿ ಹೆಣ್ಣುಮಕ್ಕಳ ಕೈಯಿಂದ ನಡೆದವು. ಆಕೆಯ ಭಕ್ತಿ ಕಣ್ಣುಮುಚ್ಚಿದ ಭಕ್ತಿಯಾಗಿರಲಿಲ್ಲ. ೧೮೯೭ರಲ್ಲಿ ಪುಣೆಯ ಪ್ಲೇಗು ಶಿಬಿರಗಳಲ್ಲಿ ಸ್ತ್ರೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಸರಕಾರದ ಕೋಪಕ್ಕೆ ಗುರಿಯಾದರು. ದೇವರ ಮುಂದೆ ಮೊರೆಯಿಡುವವರು ಅಧಿಕಾರಿಗಳ ಮುಂದೆ ಮೂಕರಾಗಿರಬೇಕಾಗಿಲ್ಲವೆಂಬದಕ್ಕೆ ಇದು ನಿದರ್ಶನ.

೧೯೦೫

೧೮೯೮ರಲ್ಲಿ ಇಂಗ್ಲಂಡಿನ ಕೆಸ್ವಿಕ್ ಸಮ್ಮೇಳನದಲ್ಲಿ ರಮಾಬಾಯಿಯವರು ಭಾರತದ ಕ್ರೈಸ್ತರಿಗಾಗಿ ಪ್ರಾರ್ಥಿಸಿರೆಂದು ನೆರೆದ ಜನರನ್ನು ಬೇಡಿಕೊಂಡಿದ್ದರು. ಆಸ್ಟ್ರೇಲಿಯದಲ್ಲಿ ಮನೆಮನೆಗಳಲ್ಲಿ ಪ್ರಾರ್ಥನಾಕೂಟಗಳು ನಡೆದವೆಂಬ ಸುದ್ದಿ ಬಂದಾಗ ೧೯೦೩ರಲ್ಲಿ ಮಗಳು ಮನೋರಮಾಳನ್ನೂ ಸಹಕಾರಿಣಿ ಮಿನ್ನಿ ಏಬ್ರಮ್ಸರನ್ನೂ ಅಲ್ಲಿಗೆ ಕಳಿಸಿದರು. ೧೯೦೪ರಲ್ಲಿ ವೇಲ್ಸ್ ನಾಡಿನಲ್ಲಿ ಎದ್ದ ಭಕ್ತಿಯ ಉಬ್ಬರದ ವಾರ್ತೆಯು ಕೇಡಗಾಂವವನ್ನು ಮುಟ್ಟಿತು. ೧೯೦೫ರ ಜನವರಿಯಲ್ಲಿ ಮುಕ್ತಿಯಲ್ಲಿ ಸುಮಾರು ಎಪ್ಪತ್ತು ಮಂದಿಯ ಪ್ರಾರ್ಥನಾ ಮಂಡಳಿ ಆರಂಭವಾಯಿತು. ಜೂನ್ ತಿಂಗಳ ಹೊತ್ತಿಗೆ ೫೫೦ ಜನರು ದಿನಕ್ಕೆ ಎರಡು ಸಲ ಕೂಡುತ್ತಿದ್ದರು.

ಇವರು ಯಾರು? ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವರು, ಮನೆಯವರು ಹೊರಹಾಕಿದ ವಿಧವೆಯರು, ಬೇರೆ ಬೇರೆ ಪ್ರಾಂತಗಳಿಂದ ಬೇರೆ ಬೇರೆ ಮಾತು ಹೊತ್ತು ಬಂದವರು. ತಮಗಾಗಿ ಬೇಡಿಕೊಳ್ಳಲು ಇವರಿಗೆ ಕಾರಣಗಳು ಬೇಕಾದಷ್ಟಿದ್ದವು. ಅಂಥವರು ಪರರಿಗಾಗಿ ಬೇಡಿದರೆಂಬುದೇ ಈ ಘಟನೆಯ ತಿರುಳು. ರಮಾಬಾಯಿಯವರು ಸುತ್ತಲಿನ ಹಳ್ಳಿಗಳಿಗೆ ಹೋಗಲು ಸ್ವಯಂಸೇವಕಿಯರನ್ನು ಕರೆದಾಗ ಮೂವತ್ತು ಹುಡುಗಿಯರು ಮುಂದೆ ಬಂದು ದಿನವೂ ಕೂಡಿ ಪ್ರಾರ್ಥಿಸತೊಡಗಿದರು. ಜೂನ್ ೨೯ರ ನಸುಕಿನಲ್ಲಿ ಅವರ ಪೈಕಿ ಒಬ್ಬಳಿಗೆ ಮೈಯೆಲ್ಲ ಬೆಂಕಿ ಆವರಿಸಿದಂಥ ಅನುಭವವಾಯಿತೆಂದೂ, ಅದನ್ನು ಕಂಡ ಇನ್ನೊಬ್ಬಳು ನಿಜವಾದ ಬೆಂಕಿಯೆಂದು ತಿಳಿದು ನೀರು ತರಲು ಓಡಿದಳೆಂದೂ ಅಲ್ಲಿದ್ದವರು ವರ್ಣಿಸಿದರು. ಮರುದಿನದಿಂದ ಸಭೆಯಲ್ಲಿ ಎಲ್ಲರೂ ಒಮ್ಮೆಲೇ ದನಿಯೆತ್ತಿ ಪ್ರಾರ್ಥಿಸತೊಡಗಿದರು. ಅಳು, ತಪ್ಪೊಪ್ಪಿಗೆ, ಹಾಡು ತಾಸುಗಟ್ಟಲೆ ನಡೆದವು.

ಇಂಥ ಅನುಭವವನ್ನು ನಂಬುವದು ಬಿಡುವದು ವಾಚಕರ ಇಚ್ಛೆಗೆ ಸೇರಿದ್ದು; ಚರಿತ್ರೆಯನ್ನು ಬರೆಯುವವನು ಅದರ ಪರಿಣಾಮವನ್ನು ನೋಡಬಲ್ಲನು. ಆ ಹುಡುಗಿಯರು ಹೊರಗಿನ ವೈರಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಮೊದಲು ತಮ್ಮ ತಪ್ಪುಗಳನ್ನು ಒಪ್ಪಿಕೊಂಡರು. ಯುದ್ಧವೆಂದು ಕರೆಯುವದಾದರೆ ಅದರ ರಣಭೂಮಿ ಅವರ ಎದೆಯೊಳಗೇ ಇತ್ತು. ಆಮೇಲೆ ಮಂಡಳಿ ಮಂಡಳಿಯಾಗಿ ಹಳ್ಳಿಗಳಿಗೆ ಹೋದರು. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರುಗಳ ಯಾದಿಗಳನ್ನು ಮಾಡಿ, ಹಂಚಿಕೊಂಡು, ದಿನವೂ ಒಂದೊಂದು ಹೆಸರನ್ನು ಹಿಡಿದು ದೇವರ ಮುಂದೆ ಇಟ್ಟರು. ಯಾದಿಗಳಲ್ಲಿ ಸಾವಿರಾರು ಹೆಸರುಗಳಿದ್ದವು. ‘ಮುಕ್ತಿ ಪ್ರೇಯರ್ ಬೆಲ್’ ಎಂಬ ಪತ್ರಿಕೆಯ ಮೂಲಕ ಈ ವಾರ್ತೆಗಳು ಹೊರದೇಶಗಳಿಗೂ ಹೋದವು. ಗದ್ದಲದ ಪ್ರಾರ್ಥನೆ ಸಭ್ಯವಲ್ಲವೆಂದು ಆಕ್ಷೇಪಿಸಿದವರಲ್ಲಿ ಕ್ರೈಸ್ತರೂ ಇದ್ದರು. ರಮಾಬಾಯಿಯವರು ಅದನ್ನು ನಿಲ್ಲಿಸಲಿಲ್ಲ. ನಮ್ಮ ಹೆಂಗಸರು ದುಃಖವನ್ನಾಗಲಿ ಭಕ್ತಿಯನ್ನಾಗಲಿ ಬಾಯಿಮುಚ್ಚಿ ತೋಡಿಕೊಳ್ಳುವವರಲ್ಲವೆಂಬದನ್ನು ಆಕೆ ಬಲ್ಲವರಾಗಿದ್ದರು.

ಅದೇ ವರ್ಷ ಖಾಸಿ ಗುಡ್ಡಗಳಲ್ಲಿಯೂ ಇಂಥದೇ ಭಕ್ತಿಯ ಉಬ್ಬರ ಕಾಣಿಸಿಕೊಂಡಿತು. ೧೯೦೬ರಲ್ಲಿ ಅಮೇರಿಕೆಯ ಲಾಸ್ ಏಂಜಲಿಸಿನ ಅಜೂಸಾ ಬೀದಿಯ ಸಭೆಗಳು ಆರಂಭವಾದವು. ಮಿನ್ನಿ ಏಬ್ರಮ್ಸರು ಮುಕ್ತಿಯ ಅನುಭವವನ್ನು ೧೯೦೬ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಬರೆದರು. ದಕ್ಷಿಣ ಅಮೇರಿಕೆಯ ಚಿಲಿ ದೇಶದಲ್ಲಿದ್ದ ತಮ್ಮ ಗೆಳತಿಗೆ ಅದರ ಪ್ರತಿಯನ್ನು ಕಳಿಸಿದರು. ೧೯೦೯ರಲ್ಲಿ ಅಲ್ಲಿಯ ವಾಲ್ಪರೈಸೊ ಪಟ್ಟಣದಲ್ಲಿ ಎದ್ದ ಆಂದೋಲನಕ್ಕೆ ಅದು ಪ್ರೇರಣೆಯಾಯಿತು. ಪುಣೆ–ಸೊಲ್ಲಾಪುರ ದಾರಿಯ ಒಂದು ಚಿಕ್ಕ ನಿಲ್ದಾಣದ ಅನಾಥರ ಪ್ರಾರ್ಥನೆಯು ಎರಡು ಸಮುದ್ರಗಳನ್ನು ದಾಟಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಕಲಬುರ್ಗಿಯ ಕಡೆಗೆ

ಕನ್ನಡಿಗರಿಗೆ ಇಲ್ಲಿ ಇನ್ನೂ ಒಂದು ಸಂಗತಿ ಮುಖ್ಯವಾದದ್ದು. ಆ ಕಾಲಕ್ಕೆ ಈ ರೈಲುದಾರಿಯ ಸೀಮೆಯು ಮೂರು ಆಡಳಿತಗಳಲ್ಲಿ ಹಂಚಿಹೋಗಿತ್ತು. ಸೊಲ್ಲಾಪುರ ಬ್ರಿಟಿಷರದು, ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನ, ಕಲಬುರ್ಗಿ ನಿಜಾಮರದು. ನಿಜಾಮರ ಸೀಮೆಯಲ್ಲಿ ಆಡಳಿತದ ಭಾಷೆ ಉರ್ದು. ಕನ್ನಡದ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ವಿದ್ಯೆ ದುರ್ಲಭವಾಗಿತ್ತು. ೧೯೧೨ರಲ್ಲಿ ರಮಾಬಾಯಿಯವರು ಅದೇ ಕಲಬುರ್ಗಿಯಲ್ಲಿ ಒಂದು ಕ್ರೈಸ್ತ ಹೈಸ್ಕೂಲನ್ನು ತೆರೆದು ಅದರ ಹೊಣೆಯನ್ನು ಮಗಳು ಮನೋರಮಾಳಿಗೆ ಒಪ್ಪಿಸಿದರು. ಗಂಗಾಮೂಲದಿಂದ ಹೊರಬಿದ್ದ ಮನೆತನವು ಅರ್ಧ ಶತಮಾನದ ತರುವಾಯ ಶಾಲೆಯ ರೂಪದಲ್ಲಿ ಕನ್ನಡ ನೆಲಕ್ಕೆ ಮರಳಿತು.

ಆದರೆ ಆಕೆಯ ಜೀವಮಾನದ ಕೊನೆಯ ದೊಡ್ಡ ಕೆಲಸ ಮರಾಠಿಗೆ ಸಂದಿತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಓದುಬರಹ ಬಲ್ಲ ಸಾಮಾನ್ಯ ಹೆಂಗಸರಿಗೂ ತಿಳಿಯುವಂಥ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿದರು. ೧೯೨೧ರಲ್ಲಿ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಆ ದುಃಖದ ನಡುವೆಯೂ ಕೆಲಸವನ್ನು ಮುಗಿಸಿ ೧೯೨೨ರ ಏಪ್ರಿಲ್ ೫ರಂದು ತಾಯಿಯೂ ಕಣ್ಣುಮುಚ್ಚಿದರು. ಗ್ರಂಥವನ್ನು ಮುಕ್ತಿಯ ಹೆಂಗಸರೇ ಅಚ್ಚು ಮಾಡಿ ೧೯೨೪ರಲ್ಲಿ ಹೊರತಂದರು. ಕನ್ನಡ ನೆಲದಲ್ಲಿ ಹುಟ್ಟಿ ಮರಾಠಿಗೆ ಗ್ರಂಥವನ್ನು, ಮರಾಠಿ ನೆಲದಲ್ಲಿ ಬಾಳಿ ಕಲಬುರ್ಗಿಗೆ ಶಾಲೆಯನ್ನು ಕೊಟ್ಟ ಈ ತಾಯಿಯನ್ನು ಯಾವ ಪಕ್ಕಕ್ಕೆ ಸೇರಿಸಬೇಕು? ಗಡಿಯಲ್ಲಿರುವ ನಮಗೆ ಈ ಪ್ರಶ್ನೆ ಆಟದ ಪ್ರಶ್ನೆಯಲ್ಲ.

ನಕ್ಷೆಯೋ, ಹೆಸರೋ?

ಇತ್ತೀಚಿನ ದಶಕಗಳಲ್ಲಿ ಆತ್ಮಿಕ ಯುದ್ಧವೆಂಬ ಮಾತು ಬೇರೆ ಒಂದು ರೂಪವನ್ನು ತಾಳಿತು. ೧೯೯೦ರ ದಶಕದಲ್ಲಿ ಅಮೇರಿಕೆಯ ಪೀಟರ್ ವ್ಯಾಗ್ನರ್ ಮೊದಲಾದವರು ಊರುಗಳನ್ನೂ ದೇಶಗಳನ್ನೂ ಆಳುವ ದುಷ್ಟಶಕ್ತಿಗಳಿವೆಯೆಂದೂ, ಅವುಗಳ ನೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿ ಪ್ರಾರ್ಥನೆಯಿಂದ ಅವನ್ನು ಎದುರಿಸಬೇಕೆಂದೂ ಬೋಧಿಸಿದರು. ಉತ್ತರ ಅಕ್ಷಾಂಶದ ಹತ್ತರಿಂದ ನಲವತ್ತನೆಯ ಡಿಗ್ರಿಯವರೆಗೆ, ಪಶ್ಚಿಮ ಆಫ್ರಿಕದಿಂದ ಪೂರ್ವ ಏಶಿಯದವರೆಗೆ ಚೌಕಟ್ಟೊಂದನ್ನು ಎಳೆದು ಅದಕ್ಕೆ ‘ಕಿಟಕಿ’ಯೆಂದು ಹೆಸರಿಟ್ಟರು, ೧೯೯೩ರಲ್ಲಿ ಆ ಚೌಕಟ್ಟಿಗಾಗಿ ಜಗದ್ವ್ಯಾಪಿಯಾದ ಪ್ರಾರ್ಥನೆ ನಡೆಯಿತು. ನಮ್ಮ ಸೊಲ್ಲಾಪುರವೂ ಅಕ್ಕಲಕೋಟವೂ ಆ ಗೆರೆಗಳ ನಡುವೆಯೇ ಬೀಳುತ್ತವೆ. ಎಲ್ಲಿಯೋ ಕುಳಿತು ನಮ್ಮ ಊರಿನ ಒಳಿತನ್ನು ಬೇಡುವವರಿದ್ದರೆ ಅದು ಸಂತೋಷದ ಸಂಗತಿ. ಆದರೆ ನಕ್ಷೆಯಲ್ಲಿ ಊರನ್ನು ವೈರಿಯ ಕೋಟೆಯಂತೆ ಬಣ್ಣಿಸಿದಾಗ, ಆ ಊರಿನಲ್ಲಿ ಬಾಳುವ ನೆರೆಯವನೂ ವೈರಿಯಂತೆ ಕಾಣುವ ಭಯವಿದೆ.

ಈ ಭಯವನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಕ್ರೈಸ್ತರೇ ಇದ್ದರೆಂಬದು ಗಮನಾರ್ಹ. ಲೊಸಾನ್ ಆಂದೋಲನದ ಪ್ರಾರ್ಥನಾ ಸಮಿತಿಯು ೧೯೯೩ರಲ್ಲಿ ಲಂಡನ್ನಿನಲ್ಲಿ ಕೂಡಿದಾಗ ಹೊರಡಿಸಿದ ಹೇಳಿಕೆಯಲ್ಲಿ, ದುಷ್ಟಶಕ್ತಿಗಳ ಚಿಂತೆಯಲ್ಲಿಯೇ ಮುಳುಗಿಹೋಗುವ ಅಪಾಯವನ್ನು ತೋರಿಸಿತು. ಯುದ್ಧದ ಭಾಷೆಯಿಂದ ಅನ್ಯಧರ್ಮೀಯರೊಡನೆ ವಿರೋಧ ಬೆಳೆಯುತ್ತದೆ, ಅವರು ಅದನ್ನು ಹಿಂಸೆಯ ಭಾಷೆಯೆಂದೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಕಳವಳ ವ್ಯಕ್ತಪಡಿಸಿ, ಶಾಂತಿ, ಪಶ್ಚಾತ್ತಾಪ, ಸಂಧಾನಗಳ ಮಾತಿಗೂ ಅಷ್ಟೇ ಪ್ರಾಧಾನ್ಯವಿರಬೇಕೆಂದು ತಿಳಿಸಿತು. ಶತ್ರುವು ರಕ್ತಮಾಂಸದ ಮನುಷ್ಯನಲ್ಲವೆಂಬ ಹಳೆಯ ಪತ್ರದ ಎಚ್ಚರಿಕೆಯೇ ಹೊಸ ಮಾತಿನಲ್ಲಿ ಮರಳಿ ಬಂದಂತಾಯಿತು.

ಮುಕ್ತಿಯ ಯಾದಿಗಳಿಗೂ ಈ ನಕ್ಷೆಗಳಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಕಾಣಬೇಕು. ಹುಡುಗಿಯರ ಕೈಯಲ್ಲಿದ್ದದ್ದು ಹೆಸರುಗಳು. ದಿನವೂ ಒಬ್ಬನ ಹೆಸರನ್ನು ದೇವರ ಮುಂದೆ ತೆಗೆದುಕೊಳ್ಳುವವಳಿಗೆ ಅವನನ್ನು ದ್ವೇಷಿಸುವದು ಕಠಿಣ. ಹೆಸರಿನೊಡನೆ ಮುಖ ಬರುತ್ತದೆ, ಮುಖದೊಡನೆ ಮನೆ ಬರುತ್ತದೆ, ಮನೆಯೊಡನೆ ಅಲ್ಲಿಯ ಹಸಿವೆ ನೋವುಗಳು ಬರುತ್ತವೆ. ನಕ್ಷೆಯಲ್ಲಿ ಇವೊಂದೂ ಇಲ್ಲ. ಮುಕ್ತಿಯವರು ಪರರನ್ನು ಮತಾಂತರಿಸಬೇಕೆಂದು ಬಯಸಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಅವರು ಅದನ್ನು ಬಹಿರಂಗವಾಗಿಯೇ ಬಯಸಿದರು, ಅದನ್ನು ಒಪ್ಪದವರು ಬಹಿರಂಗವಾಗಿಯೇ ವಿರೋಧಿಸಿದರು. ಆದರೂ ಹೆಸರು ಹಿಡಿದು ಬೇಡಿದ ಪ್ರಾರ್ಥನೆಯು ಅನ್ನ, ಬಾವಿ, ಅಚ್ಚುಕೂಟ, ಕುರುಡರ ಪಾಠ, ಕಲಬುರ್ಗಿಯ ಶಾಲೆ ಎಂಬ ರೂಪದಲ್ಲಿ ಭೂಮಿಗೆ ಇಳಿದದ್ದನ್ನು ವಿರೋಧಿಗಳೂ ಅಲ್ಲಗಳೆಯಲಾರರು.

ಗಡಿನಾಡಿನ ಕನ್ನಡಿಗರಾದ ನಾವು ನಕ್ಷೆಯ ನೋವನ್ನು ಬಲ್ಲವರು. ೧೯೫೬ರ ರಾಜ್ಯ ಪುನರ್ವಿಂಗಡಣೆ, ೧೯೬೦ರ ಮಹಾರಾಷ್ಟ್ರ ನಿರ್ಮಾಣ, ೧೯೬೭ರ ಮಹಾಜನ ವರದಿ, ಇವೆಲ್ಲವುಗಳಲ್ಲಿ ಗೆರೆಗಳನ್ನು ಎಳೆದವರಿಗೆ ಹಳ್ಳಿಗಳ ಸಂಖ್ಯೆ ಗೊತ್ತಿತ್ತು. ಹಳ್ಳಿಗರ ಹೆಸರು ಗೊತ್ತಿರಲಿಲ್ಲ. ಭಾಷೆಯ ಹಕ್ಕಿಗಾಗಿ ನಾವು ನಡೆಸುವ ಪ್ರಯತ್ನವನ್ನೂ ‘ಹೋರಾಟ’ವೆಂದೇ ಕರೆಯುತ್ತೇವೆ. ಅದು ನ್ಯಾಯವಾದದ್ದು, ನಡೆಯಲೇಬೇಕಾದದ್ದು. ಕನ್ನಡ ಶಾಲೆಗೆ ಶಿಕ್ಷಕರು ಬೇಕು, ಕಚೇರಿಯಲ್ಲಿ ಕನ್ನಡದ ಅರ್ಜಿಗೆ ಬೆಲೆ ಬೇಕು. ಆದರೆ ಯಾವ ಹೋರಾಟವೇ ಆಗಲಿ, ಎದುರಿಗಿರುವವನ ಹೆಸರನ್ನು ಮರೆತ ಕ್ಷಣದಿಂದ ಅದು ತನ್ನ ಧರ್ಮವನ್ನು ಕಳೆದುಕೊಳ್ಳುತ್ತದೆ. ಪಕ್ಕದ ಮನೆಯ ಮರಾಠಿ ಭಾಷಿಕನ ಮಗುವಿನ ಜ್ವರಕ್ಕೆ ನಮ್ಮ ಮನೆಯ ತಾಯಿ ಹರಕೆ ಹೊರುವ ಪರಿ ಗಡಿನಾಡಿನಲ್ಲಿ ನಿಂತಿಲ್ಲ, ಅದು ನಿಲ್ಲಬಾರದು.

ಈ ಸೊಲ್ಲಾಪುರವು ಸೊನ್ನಲಿಗೆಯಾಗಿದ್ದ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಇಲ್ಲಿ ಕೆರೆಯನ್ನು ಕಟ್ಟಿಸಿದನು. ಆ ಕೆರೆಯ ನೀರು ಕುಡಿಯುವವನ ಮಾತು ಯಾವದೆಂದು ಕೇಳಲಿಲ್ಲ. ತನಗೆ ಗೊತ್ತಿಲ್ಲದವರ ಬಾಯಾರಿಕೆಯನ್ನು ಮೊದಲೇ ನೆನೆದು ತೋಡಿದ ಕೆರೆಯು ಒಂದು ರೀತಿಯಿಂದ ಪರಾರ್ಥ ಪ್ರಾರ್ಥನೆಯೇ. ಶರಣನು ಅದನ್ನು ಗುದ್ದಲಿಯಿಂದ ಮಾಡಿದನು. ಬರಗಾಲದ ಅನಾಥೆಯರು ಮೊಣಕಾಲೂರಿ ಮಾಡಿದರು. ಮತಗಳು ಬೇರೆ, ಕಾಲಗಳು ಬೇರೆ, ದೇವರ ಹೆಸರುಗಳೂ ಬೇರೆ. ಇನ್ನೊಬ್ಬನ ಸಂಕಟವು ನನ್ನದೆಂದು ಒಪ್ಪಿಕೊಳ್ಳುವ ಮನಸ್ಸು ಮಾತ್ರ ಒಂದೇ. ಈ ದಾರಿಯಲ್ಲಿ ಬಾಳುವ ನಾವೆಲ್ಲರೂ, ಕನ್ನಡಿಗರಾಗಲಿ ಮರಾಠಿಗರಾಗಲಿ ತೆಲುಗರಾಗಲಿ, ನಮ್ಮ ನಮ್ಮ ದೇವರ ಮುಂದೆ ದಿನಕ್ಕೊಮ್ಮೆಯಾದರೂ ನೆರೆಯವನೊಬ್ಬನ ಹೆಸರನ್ನು ಅವನ ಒಳಿತಿಗಾಗಿ ಉಚ್ಚರಿಸಿದರೆ, ಸಂಘವು ಹಾರೈಸುವ ಸೌಹಾರ್ದಕ್ಕೆ ಅದಕ್ಕಿಂತ ಗಟ್ಟಿಯಾದ ಬುನಾದಿ ಬೇರೊಂದು ಬೇಕಾಗಲಿಕ್ಕಿಲ್ಲ.